ಪರಿಮಳದ ಉಡುಗೊರೆ

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮೊಮ್ಮಗನಿಗೆ ಮದುವೆ ನಿಶ್ಚಯವಾಗಿದೆ. ಕಳೆದ ತಿಂಗಳು ಅವನು ದೂರವಾಣಿಯಲ್ಲಿ ಕೇಳಿದನು: "ತಾತ, ಅತ್ತೆಯಾಗುವವರ ಮನೆಗೆ ಮೊದಲ ಸಲ ಹೋಗುತ್ತಿದ್ದೇನೆ. ಅವರಿಗೆ ಒಂದು ಒಳ್ಳೆಯ ಸೆಂಟಿನ ಸೀಸೆ ಕೊಡಬಹುದೇ?" ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ಉತ್ತರ ತೋಚದ ಪ್ರಶ್ನೆ ಎದುರಾದರೆ ಒಂದು ಉಪಾಯವುಂಟು: "ನಾಳೆ ಹೇಳೋಣ" ಎನ್ನುವುದು. ಹಾಗೆಯೇ ಹೇಳಿ ಫೋನು ಇಟ್ಟೆವು. ಅಂದು ರಾತ್ರಿ ನಿದ್ರೆ ಮಾತ್ರ ಬರಲಿಲ್ಲ. ಕಾರಣವನ್ನು ಮುಂದೆ ನಿವೇದಿಸುತ್ತೇವೆ.

ನಮ್ಮ ಕಡೆಯವರು ಸುಗಂಧಕ್ಕೆ ಬಡವರಲ್ಲ. ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರದ ಬೀದಿಗಳಲ್ಲಿ ನಡೆದು ಬಂದರೆ ಅಂಗಿಯೇ ಪಾಯಸದಂತೆ ಕಮ್ಮಗಿರುತ್ತದೆ. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಂಬಂ ಕಣಿವೆಯ ದ್ರಾಕ್ಷಿಗೆ ಇಲ್ಲಿನ ಜನ ಇಟ್ಟಿರುವ ಹೆಸರೇ 'ಪನ್ನೀರು ದ್ರಾಕ್ಷಿ'. ದಿಂಡಿಗಲ್ಲಿನ ಕಡೆ ಹೊರಟರೆ ನೀಲಕೋಟೆಯ ಹೂವಿನ ಸಂತೆ. ಇಷ್ಟೆಲ್ಲ ಇದ್ದರೂ ನಮ್ಮ ಹಿರಿಯರು ಪರಿಮಳವನ್ನು ಸೀಸೆಯಲ್ಲಿ ಕಟ್ಟಿಕೊಟ್ಟು, "ಮನೆಗೆ ಹೋಗಿ ಹಚ್ಚಿಕೊಳ್ಳಿ" ಎಂದದ್ದನ್ನು ನಾವು ಕಾಣೆವು. ಮದುವೆಯ ಬಾಗಿಲಲ್ಲಿ ಗಂಧ, ಕಲ್ಲುಸಕ್ಕರೆ, ಹೂವುಗಳ ತಟ್ಟೆ. ಪನ್ನೀರುದಾನಿ ಹಿಡಿದ ಒಂದು ಹುಡುಗಿ. ಜಮೀನಿನ ವ್ಯಾಜ್ಯದಲ್ಲಿ ಎದುರಾಳಿಯಾದವನೂ ಬಂದು ಅದೇ ಪನ್ನೀರಿನಲ್ಲಿ ನೆನೆದು ಒಳಗೆ ಹೋಗುತ್ತಿದ್ದನು. ಉತ್ತಮಪಾಳಯದ ನಮ್ಮ ರಾವುತ್ತರ್ ಮಿತ್ರರೊಬ್ಬರು ಪ್ರತಿ ರಂಜಾನಿಗೂ ನಮ್ಮ ಮುಂಗೈಯನ್ನು ಹಿಡಿದು ತಾವೇ ಅತ್ತರು ತೀಡುತ್ತಿದ್ದರು. ಸೀಸೆ ಅವರ ಜೇಬಿಗೇ ಮರಳುತ್ತಿತ್ತು. ಕಂಪು ಎರಡು ದಿನ ನಮ್ಮಲ್ಲಿ ಉಳಿಯುತ್ತಿತ್ತು.

ಸೀಸೆಯ ವಿದ್ಯೆಯನ್ನು ನಾವು ಹಗುರಾಗಿ ಕಾಣುವವರಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಮಲ್ಲಿಗೆಯಿಂದ ಸುಗಂಧ ತೆಗೆಯುವುದನ್ನು ಒಮ್ಮೆ ಕಣ್ಣಾರೆ ಕಂಡೆವು. ಮೊಗ್ಗನ್ನು ಬೆಳಗಿನ ಹೊತ್ತಿಗೇ ಬಿಡಿಸುತ್ತಾರೆ. ಅರಳುವುದು ಆ ಸಂಜೆ, ಮುಡಿದವಳ ತಲೆಯ ಮೇಲೆ. ಪರಿಮಳ ಹೊಮ್ಮುವುದು ಅರಳಿದ ಮೇಲೆಯೇ. ಆದುದರಿಂದ ಕಾರ್ಖಾನೆಯಲ್ಲಿಯೂ ಮೊಗ್ಗುಗಳನ್ನು ಹರವಿ, ಅರಳುವವರೆಗೆ ಕಾಯುತ್ತಾರೆ. ಹೆಚ್ಚಿನ ಶಾಖಕ್ಕೆ ಮಲ್ಲಿಗೆಯ ಕಂಪು ಕೆಡುವುದರಿಂದ ಹೆಕ್ಸೇನ್ ಎಂಬ ದ್ರಾವಕದಲ್ಲಿ ಹೂವನ್ನು ನೆನೆಸಿ ಮೇಣದಂತಹ ಸಾರವನ್ನು ತೆಗೆಯುತ್ತಾರೆ. ಅದಕ್ಕೆ 'ಕಾಂಕ್ರೀಟ್' ಎಂದು ಹೆಸರು. ನಮ್ಮ ಹುಡುಗರು ಇದನ್ನು ಕೇಳಿ, "ಸಾರ್, ಇದರಲ್ಲಿ ಮನೆ ಕಟ್ಟಬಹುದೇ?" ಎಂದು ನಕ್ಕರು. 1,000 ಕಿಲೋ ಹೂವಿಗೆ ದೊರೆಯುವುದು ಬೆರಳೆಣಿಕೆಯಷ್ಟು ಕಿಲೋ ಮಾತ್ರ. ಥೈ ಮಾಸದ ಮುಹೂರ್ತಗಳಲ್ಲಿ ಕಿಲೋಗೆ 1,000 ರೂಪಾಯಿಯನ್ನೂ ಮೀರುವ ಮಲ್ಲಿಗೆ, ಸುಗ್ಗಿಯಲ್ಲಿ ಕೊಳ್ಳುವವರಿಲ್ಲದಾಗ ಬಂದ ಬೆಲೆಗೆ ಈ ಕಾರ್ಖಾನೆಗಳ ಬಾಗಿಲಿಗೆ ಬರುತ್ತದೆ.

ನಾವೂ ಪರಿಮಳವನ್ನು ಉಡುಗೊರೆ ಕೊಟ್ಟವರೇ. ನಮ್ಮ ಮನೆಮಾತು ಕನ್ನಡ. ಅಕ್ಷರ ಮಾತ್ರ ತಮಿಳು. ಕನ್ನಡ ಲಿಪಿ ಕೈಗೆ ಹತ್ತಿದ್ದು ಮೈಸೂರಿನಲ್ಲಿ ಬಿ.ಎ. ಓದುವಾಗ. ರಜೆಗೆ ಊರಿಗೆ ಬರುವಾಗ ತಾಯಿಯವರಿಗೆ ಶ್ರೀಗಂಧದ ಸಾಬೂನು ತರುತ್ತಿದ್ದೆವು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾದುದರ ಫಲವಾಗಿ ಹುಟ್ಟಿದ ಸಾಬೂನು ಅದು. ತಾಯಿಯವರು ಅದನ್ನು ಒಂದು ದಿನವೂ ಮೈಗೆ ಹಚ್ಚಲಿಲ್ಲ. ಕಾಗದವನ್ನೂ ಬಿಚ್ಚದೆ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟರು. ಹಬ್ಬದ ದಿನ ಆ ಸೀರೆಯುಟ್ಟು ಹೊರಬಂದಾಗ ನೆರೆಹೊರೆಯ ಹೆಂಗಸರು ಕೇಳುವರು. ಇವರು, "ಮಗ ಮೈಸೂರಿನಿಂದ ತಂದದ್ದು" ಎನ್ನುವರು.

ಅದೇ ಧೈರ್ಯದಲ್ಲಿಯೇ ಮುಂದೊಂದು ದಿನ ನಾವು ತಪ್ಪಿದೆವು.

ನಾವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯಲ್ಲಿ ಕಸ ಗುಡಿಸಿ ಶೌಚಾಲಯ ತೊಳೆಯುವ ಆಯಾ ಒಬ್ಬರಿದ್ದರು. ಮೂವತ್ತು ವರ್ಷದ ಸೇವೆ. ಸಂಜೆ ಕೆಲಸ ಮುಗಿಸಿ, ತೊಟ್ಟಿಯ ಬಳಿ ಮೊಣಕೈವರೆಗೂ ತಿಕ್ಕಿ ತೊಳೆದುಕೊಂಡು, ಸೆರಗಿನ ಗಂಟಿನಲ್ಲಿದ್ದ ಗೇಣುದ್ದದ ಮಲ್ಲಿಗೆಯನ್ನು ಮುಡಿದುಕೊಂಡೇ ಅವರು ಮನೆಗೆ ಹೊರಡುತ್ತಿದ್ದುದು. ಶುಕ್ರವಾರಗಳಲ್ಲಿ ಅಧ್ಯಾಪಕಿಯರಿಗೂ ತಲಾ ಒಂದು ತುಂಡು ತರುವರು. ಕೆಲವರು ಮುಡಿದುಕೊಂಡರು. ಕೆಲವರು "ಅಲ್ಲಿಡಿ" ಎಂದು ಮೇಜನ್ನು ತೋರಿಸಿದರು. ಸಂಜೆಯ ಗಂಟೆ ಹೊಡೆದಾಗ ಹೂವು ಅಲ್ಲಿಯೇ ಅರಳಿಕೊಂಡಿರುತ್ತಿತ್ತು. ನಾವು ಅದನ್ನು ಕಂಡಿದ್ದೆವು. ಒಂದು ಮಾತನ್ನೂ ಆಡಲಿಲ್ಲ.

ಅವರು ನಿವೃತ್ತರಾಗುವ ದಿನಕ್ಕೆ ಎಲ್ಲರೂ ಹಣ ಸೇರಿಸಿ ಒಂದು ರೇಷ್ಮೆ ಸೀರೆ ತಂದೆವು. ಇನ್ನೂ ಹಣ ಉಳಿದಿತ್ತು. ಕೊಲ್ಲಿಯಿಂದ ಬಂದ ಹಳೆಯ ವಿದ್ಯಾರ್ಥಿಯೊಬ್ಬನಲ್ಲಿ ವಿದೇಶದ ಸೆಂಟು ದೊರೆಯುವುದೆಂದು ತಿಳಿದು, ಬೆಲೆಯುಳ್ಳ ವಸ್ತು, ಆಕೆ ತಾನಾಗಿ ಎಂದೂ ಕೊಳ್ಳಲಾರದ್ದು ಎಂದು ಹೇಳಿ ಅದನ್ನು ಆರಿಸಿದವರು ನಾವೇ. ಸಭೆಯಲ್ಲಿ ಕೈಯಾರೆ ಕೊಟ್ಟೆವು, ಚಪ್ಪಾಳೆಯಾಯಿತು. ಆಕೆ ಮುಚ್ಚಳ ತೆಗೆದು ಮೂಸಿ ನೋಡಿದರು. ಅನಂತರ ಮೈಕಿಗೆ ಕೇಳಿಸದಂತೆ ತಮಿಳಿನಲ್ಲಿ ನಮ್ಮೊಬ್ಬರಿಗೇ ಹೇಳಿದರು: "ಅಯ್ಯಾ, ನನ್ನ ಮೈ ಅಷ್ಟು ನಾರುತ್ತಿತ್ತೇ? ಮೊದಲೇ ಒಂದು ಮಾತು ಹೇಳಬಾರದಾಗಿತ್ತೇ?"

ಅದರಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಪ್ರಶ್ನೆ ಅದು. ಅಧ್ಯಕ್ಷ ಭಾಷಣ ಮಾಡಬೇಕಾಗಿದ್ದ ನಮಗೆ ನಾಲಗೆ ಒಣಗಿತು. ರೇಷ್ಮೆ ಸೀರೆ ಕೊಟ್ಟರೆ ನಿಮ್ಮ ಸೀರೆ ಹರಿದಿದೆ ಎಂಬ ಅರ್ಥ ಬರುವುದಿಲ್ಲ. ಗಡಿಯಾರ ಕೊಟ್ಟರೆ ನೀವು ತಡವಾಗಿ ಬರುವವರೆಂದು ಯಾರೂ ತಿಳಿಯರು. ಸೆಂಟು ಮಾತ್ರ ಮೈಯ ಮಾತೆತ್ತುತ್ತದೆ. ಮೂವತ್ತು ವರ್ಷ ನಾವು ಆಕೆಯನ್ನು ನಿಲ್ಲಿಸಿದ್ದ ದೂರವನ್ನೆಲ್ಲ ಆ ಪುಟ್ಟ ಸೀಸೆ ಅಳೆದುಕೊಟ್ಟಿತು. ನಮ್ಮ ಮನಸ್ಸಿನಲ್ಲಿ ಅಂತಹದೇನೂ ಇರಲಿಲ್ಲ ಎಂದು ಇಂದಿಗೂ ಬರೆಯಬಹುದು; ಆದರೆ ಮೇಜಿನ ಮೇಲೆ ಬಿಟ್ಟ ಹೂವನ್ನು ನೋಡಿ ಸುಮ್ಮನಿದ್ದವರು ಹಾಗೆ ಬರೆದರೆ ನಂಬುವವರು ಯಾರು?

ಮುಂದಿನ ಭಾನುವಾರ ಆಕೆಯ ಮನೆಗೆ ಹೋದೆವು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಕ್ಷಮೆ ಕೇಳಬೇಕೆಂದು ಜೋಡಿಸಿಕೊಂಡಿದ್ದ ವಾಕ್ಯಗಳು ಬಾಯಿಗೆ ಬರಲಿಲ್ಲ. ಆಕೆ ಕಾಫಿ ಕೊಟ್ಟರು, ಕುಡಿದೆವು. ಲೋಟವನ್ನು ಕೆಳಗಿಡುವವರೆಗೂ ಆಕೆಯ ದೃಷ್ಟಿ ಆ ಲೋಟದ ಮೇಲೆಯೇ ಇತ್ತು. ಸೀಸೆ ದೇವರ ಪಟದ ಪಕ್ಕದಲ್ಲಿ ನಿಂತಿತ್ತು.

ಎರಡು ವರ್ಷದ ಬಳಿಕ ಆಕೆಯ ಮೊಮ್ಮಗಳ ಮದುವೆಗೆ ಕರೆ ಬಂದಿತು. ಮಂಟಪದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತವರು ಹುಡುಗಿಯಲ್ಲ, ನಮ್ಮ ಆಯಾ. ನಾವು ಕೊಟ್ಟ ರೇಷ್ಮೆ ಸೀರೆಯುಟ್ಟಿದ್ದರು. ನಮ್ಮ ಮೇಲೆ ಚಿಮುಕಿಸಿದಾಗ ಬಂದದ್ದು ಗುಲಾಬಿಯ ವಾಸನೆಯಲ್ಲ. "ಆ ಸೀಸೆಯನ್ನೇ ಪನ್ನೀರಿಗೆ ಬೆರೆಸಿಬಿಟ್ಟೆ, ಅಯ್ಯಾ. ಎಲ್ಲರಿಗೂ ಆಗಲಿ ಎಂದು" ಎಂದು ಹೇಳಿ, ನಗುತ್ತಾ ಇನ್ನೊಮ್ಮೆ ತಲೆಯ ಮೇಲೆ ಚಿಮುಕಿಸಿದರು. ತೇನಿಗೆ ಬಂದು ಬಸ್ಸು ಇಳಿದಾಗಲೂ ಕಾಲರಿನಲ್ಲಿ ಆ ಕಂಪು ಇತ್ತು.

ಮರುದಿನ ಮೊಮ್ಮಗನಿಗೆ ನಾವೇ ಫೋನು ಮಾಡಿದೆವು. ಈ ಕಥೆಯನ್ನೆಲ್ಲ ಹೇಳಲಿಲ್ಲ. "ನಿಮ್ಮ ಅತ್ತೆಯವರು ಯಾವ ಹೂವು ಮುಡಿಯುತ್ತಾರೆ, ಯಾವ ಸೋಪು ಬಳಸುತ್ತಾರೆ, ತಿಳಿದಿದೆಯೇ?" ಎಂದು ಮಾತ್ರ ಕೇಳಿದೆವು.

"ಅದೆಲ್ಲ ಹೇಗೆ ಗೊತ್ತಾಗಬೇಕು, ತಾತ? ಎರಡು ಸಲ ನೋಡಿದ್ದೇನೆ, ಅಷ್ಟೇ."

"ಹಾಗಾದರೆ ಈ ಸಲ ಕಂಬಂ ದ್ರಾಕ್ಷಿ ತೆಗೆದುಕೊಂಡು ಹೋಗು. ಕಳುಹಿಸುತ್ತೇವೆ."

ಎರಡು ಪೆಟ್ಟಿಗೆ ಕಳುಹಿಸಿದೆವು. ಅರ್ಧ ಅವನ ಕೊಠಡಿಯಲ್ಲಿಯೇ ಖರ್ಚಾಯಿತೆಂದು ಆಮೇಲೆ ತಿಳಿಯಿತು.