ತೋವಿನಕೆರೆಯಲ್ಲಿ ಹಿಮನಾಡಿನ ಅತಿಥಿಗಳು

ತುಮಕೂರಿಗೆ ಉತ್ತರದಲ್ಲಿ, ಕೊರಟಗೆರೆ ತಾಲ್ಲೂಕಿಗೆ ಸೇರಿದ ತೋವಿನಕೆರೆಯ ಹಾದಿಯನ್ನು ಹಿಡಿಯುವ ಪ್ರವಾಸಿಗಳು ಸಾಮಾನ್ಯವಾಗಿ ಸಿದ್ಧರಬೆಟ್ಟವನ್ನು ಹತ್ತುವುದಕ್ಕೆ ಹೋಗುವರು. ಬಂಡೆಗಲ್ಲಿನ ಗುಡ್ಡಗಳು, ರಾಗಿಯ ಹೊಲಗಳು, ಹಲಸು ಹುಣಸೆಗಳ ನೆರಳು—ಇವೇ ಆ ಸೀಮೆಯ ಸೊಬಗು. ನಾವಾದರೋ ಕಳೆದ ಮಾಘಮಾಸದಲ್ಲಿ ಅಲ್ಲಿಗೆ ಹೋದುದು ನಾಯಿಗಳನ್ನು ನೋಡುವುದಕ್ಕೆಂದರೆ ವಾಚಕರು ನಗಬಾರದು.

ಊರ ಹೊರಗಿನ ತೋಟದ ಮನೆಯಲ್ಲಿ ನಮ್ಮ ಅಣ್ಣನವರೂ ಅತ್ತಿಗೆಯವರೂ ವಾಸವಾಗಿರುವರು. ಅಲ್ಲಿಯ ಅಂಗಳವು ಕರಿಯ, ಕೆಂಚಿ ಎಂಬ ಎರಡು ನಾಡನಾಯಿಗಳ ಆಳ್ವಿಕೆಗೆ ಒಳಪಟ್ಟುದು. ಬೆಂಗಳೂರಿನಲ್ಲಿ ಯಾರೋ ಬೀದಿಪಾಲು ಮಾಡಿದ ಎರಡು ಹಸ್ಕಿ ನಾಯಿಗಳು, ಶಾಶ್ವತವಾದ ಮನೆ ದೊರೆಯುವವರೆಗೆ, ಆ ಅಂಗಳಕ್ಕೆ ಆಶ್ರಿತರಾಗಿ ಬಂದಿದ್ದುವು.

ಹಸ್ಕಿಯು ಸೈಬೀರಿಯದ ಚುಕ್ಚಿ ಜನರು ಹಿಮದ ಮೇಲೆ ಬಂಡಿಯನ್ನೆಳೆಯಲು ಸಾಕಿದ ತಳಿ. 1925ರಲ್ಲಿ ಅಲಾಸ್ಕದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಹಬ್ಬಿದಾಗ, 20 ಮಂದಿ ಸವಾರರೂ ಸುಮಾರು 150 ಬಂಡಿನಾಯಿಗಳೂ ಸರದಿಯಂತೆ ಓಡಿ, ಸುಮಾರು 1,085 ಕಿಲೋಮೀಟರು ದೂರಕ್ಕೆ ಐದೂವರೆ ದಿನಗಳಲ್ಲಿ ಔಷಧವನ್ನು ಮುಟ್ಟಿಸಿದರು. ಅಂತಹ ಕುಲದ ಮರಿಯನ್ನು ನೀಲಿಗಣ್ಣಿನ ಚೆಲುವಿಗೆ ಮರುಳಾಗಿ ಕೊಂಡವರು, ಕೂದಲುದುರುವುದನ್ನೂ ಊಳಿಡುವುದನ್ನೂ ಸಹಿಸಲಾರದೆ ಹೊರಗಟ್ಟುವುದುಂಟು. ಸಾಕಿದ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ವ್ಯಾಪಾರಕ್ಕಾಗಿ ಮರಿ ಹಾಕಿಸಲು ಪರದೇಶದಿಂದ ನಾಯಿಗಳನ್ನು ತರಿಸುವುದಕ್ಕೆ 2016ರಲ್ಲಿ ತಡೆಯಾಯಿತು. ಆದರೂ ತೊರೆಯುವವರು ತೊರೆಯುತ್ತಲೇ ಇರುವರು.

ಈ ಎರಡೂ ಮನುಷ್ಯನ ಕೈ ಮೇಲೆದ್ದರೆ ನೆಲಕ್ಕೆ ಅಂಟಿಕೊಳ್ಳುತ್ತಿದ್ದುವು. ಅತ್ತಿಗೆಯವರು ಲಸಿಕೆ ಹಾಕಿಸಿ, ಎರಡು ವಾರ ಅವನ್ನು ಕೊಟ್ಟಿಗೆಯಲ್ಲಿ ಬೇರೆಯಾಗಿರಿಸಿ, ಅನಂತರವೇ ಕರಿಯ ಕೆಂಚಿಯರೊಡನೆ ಬಯಲಿನಲ್ಲಿ ಭೇಟಿ ಮಾಡಿಸಿದರು. ಆ ಗುಡ್ಡಗಳಲ್ಲಿ ಚಿರತೆಗಳುಂಟು. ಬೆದರಿ ಓಡಿದ ನಾಯಿಯು ಹಿಂದಿರುಗುವುದು ದುರ್ಲಭ. ಆದುದರಿಂದ ಕೊರಳಪಟ್ಟಿಗೊಂದು, ಎದೆಪಟ್ಟಿಗೊಂದು, ಹೀಗೆ ಎರಡು ಹಗ್ಗಗಳು. ತಿರುಗಾಟವು ಬಿಸಿಲೇರುವ ಮೊದಲೇ ಮುಗಿಯಬೇಕು. ಸೆಕೆಯೆಂದು ಕೂದಲನ್ನು ಬೋಳಿಸುವುದು ಸಲ್ಲದು. ಆ ಎರಡು ಪದರದ ತುಪ್ಪಳವೇ ಬಿಸಿಲಿಗೂ ಮರೆ.

ನಮ್ಮ ಮಗುವು ಮುದ್ದಿಸಲು ಮುಂದಾದಾಗ ಅತ್ತಿಗೆಯವರು, “ಮುಟ್ಟಬೇಡ ಕಂದ, ಅದರ ಪಾಡಿಗೆ ಬಿಡು. ಕರಿಯನನ್ನು ನೋಡಿ ಅದೇ ಕಲಿಯುತ್ತದೆ” ಎಂದರು. ಮಾತು ದಿಟವಾಯಿತು. ಕರಿಯನು ಅತ್ತಿಗೆಯವರ ಕೈಯಿಂದ ಮುದ್ದೆಯ ತುಣುಕನ್ನು ತಿನ್ನುವುದನ್ನು ಗಂಡುನಾಯಿಯು ಮೂರು ದಿನ ದೂರದಿಂದಲೇ ನೋಡಿತು. ನಾಲ್ಕನೆಯ ದಿನ ಕರಿಯನ ಬೆನ್ನ ಹಿಂದಿನಿಂದ ಮೂತಿಯನ್ನು ಚಾಚಿತು. ಹೆಣ್ಣು ಮಾತ್ರ ಕಣಜದ ಮರೆಯನ್ನು ಬಿಡಲಿಲ್ಲ. ಯಾರೂ ಅದನ್ನು ಎಳೆಯಲಿಲ್ಲ. ಕೆಂಚಿಯು ತಾನಾಗಿ ಹೋಗಿ ಅದರ ಪಕ್ಕದಲ್ಲಿ ಮಲಗುತ್ತಿದ್ದಿತು.

ಗಂಡುನಾಯಿಗೆ ಮಡಿಕೇರಿಯ ಕಡೆಯ ಮನೆಯೊಂದು ಗೊತ್ತಾಗಿದ್ದಿತು. ಇಷ್ಟು ಅಕ್ಕರೆಯಿಂದ ತಿದ್ದಿ ಕಳುಹಿಸಿಕೊಡುವುದು ಹೇಗೆಂದು ನಾವು ಕೇಳಿದೆವು. ಅತ್ತಿಗೆಯವರು ಸ್ವಲ್ಪ ಹೊತ್ತು ಮೌನವಾಗಿದ್ದು, “ಸಂಕಟವೇನೋ ಆಗುತ್ತದೆ. ಇದು ಹೋಗದಿದ್ದರೆ ಇನ್ನೊಂದಕ್ಕೆ ಜಾಗವೆಲ್ಲಿ?” ಎಂದು ಹೇಳಿ, ಅಂಬಲಿಯ ಬಟ್ಟಲನ್ನು ಕಣಜದ ಬಳಿಗೆ ಸರಿಸಿದರು.