ಎಂಬತ್ತೆಂಟು ತಮಟೆ

ಹಾರ್ಮೋನಿಯಂ ಮೇಷ್ಟ್ರು 'ಮನೆ' ಅಂತಾರಲ್ಲ, ಅಂಥ ಮನೆಗಳು ಪಿಯಾನೋದಲ್ಲಿ 88 ಇವೆ. ಒಂದೊಂದನ್ನು ಒತ್ತಿದಾಗಲೂ ಒಳಗೊಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಅಂದರೆ ದೊಡ್ಡವರ ದಿವಾನಖಾನೆಯ ಈ ವಾದ್ಯವೂ ಬಡಿದರೇ ನುಡಿಯೋದು. ಇದನ್ನು ಯಾರೂ ಮರೆಯದಂತೆ ಅರವತ್ತು ವರ್ಷ ಬಡಿದವನು ಸೆಸಿಲ್ ಟೇಲರ್. ಅಮೆರಿಕದ ಕಪ್ಪು ಜನರ ಜಾಜ್ ಸಂಗೀತದಲ್ಲಿ ಅವನಷ್ಟು ಬೈಸಿಕೊಂಡ ಪಿಯಾನೋ ವಾದಕರು ಕಡಿಮೆ.

1929ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ. ಪಿಯಾನೋ ಮುಂದೆ ಕೂರಿಸಿದವಳು ಅವ್ವ. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಯುರೋಪಿನ ಸಂಗೀತ ಓದಿದ. ಎಲಿಂಗ್ಟನ್, ಮಾಂಕ್ ಮೊದಲಾದ ತನ್ನವರನ್ನು ಕೇಳಿ ಕಲಿತ. 1956ರಲ್ಲಿ 'ಜಾಜ್ ಅಡ್ವಾನ್ಸ್', 1966ರಲ್ಲಿ 'ಯೂನಿಟ್ ಸ್ಟ್ರಕ್ಚರ್ಸ್' ರೆಕಾರ್ಡು ಮಾಡಿದ. ತಾಳದ ಕಟ್ಟು ಬಿಚ್ಚಿಹಾಕಿ ಬೆರಳು, ಅಂಗೈ, ಮುಷ್ಟಿ, ಮೊಳಕೈ ಎಲ್ಲದರಿಂದಲೂ ನುಡಿಸಿದ. ಕೇಳಿದವರು ಆ ಮನೆಗಳನ್ನು ಶ್ರುತಿ ಮಾಡಿದ ಡೋಲುಗಳಿಗೆ ಹೋಲಿಸಿದರು. ಇದು ಜಾಜೇ ಅಲ್ಲ ಅಂದವರೂ ಇದ್ದರು, ಇವನು ಕಲಿತದ್ದೆಲ್ಲ ಬಿಳಿಯರದು ಅಂದವರೂ ಇದ್ದರು. ಕ್ಲಬ್ಬುಗಳು ಕರೆಯಲಿಲ್ಲ. ರೆಕಾರ್ಡು ಬಂದ ಮೇಲೂ ಹೊಟ್ಟೆಪಾಡಿಗೆ ತಟ್ಟೆ ತೊಳೆದ.

ತನ್ನ ರಚನೆಗಳನ್ನು ಅಚ್ಚುಕಟ್ಟಾದ ಸ್ವರಲಿಪಿಯಲ್ಲಿ ಬರೆದು ಕೊಡುವ ಬದಲು, ಜೊತೆಯವರಿಗೆ ನುಡಿಸಿ ನುಡಿಸಿ ಕಲಿಸುತ್ತಿದ್ದ. ನಮ್ಮ ತಮಟೆಯವರು ಮಕ್ಕಳಿಗೆ ಗತ್ತು ಹೇಳಿಕೊಡುವುದೂ ಹೀಗೇ. ಸ್ಯಾಕ್ಸೋಫೋನಿನ ಜಿಮ್ಮಿ ಲಯನ್ಸ್ 1961ರಿಂದ 1986ರಲ್ಲಿ ಸಾಯುವ ತನಕ ಅವನ ಜೊತೆಗಿದ್ದ.

ಆ ಬಡಿತಕ್ಕೆ ಹಿಂದಿನ ಚರಿತ್ರೆಯೊಂದಿದೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಡಿಯುತ್ತ ದಂಗೆ ಎದ್ದರು. ಮರುವರ್ಷವೇ ಗುಲಾಮರು ಡೋಲು ಹಿಡಿಯಬಾರದೆಂದು ಕಾನೂನು ಬಂತು. ಅಲ್ಲಿ ಒಡೆಯರು ಡೋಲು ಕಿತ್ತುಕೊಂಡರು. ಇಲ್ಲಿ ತಮಟೆಯನ್ನು ನಮ್ಮ ಕೊರಳಿಗೇ ಕಟ್ಟಿದರು.

ನಮ್ಮ ತೊಂಡೇಬಾವಿ ಕಡೆ ಹೆಣ ಎತ್ತೋಕೂ ತಮಟೆ ಬೇಕು, ಊರಹಬ್ಬಕ್ಕೂ ಬೇಕು. 'ಬಾರ್ಲಾ' ಅಂದ್ರೆ ಹೋಗಬೇಕು. ಮೆರವಣಿಗೆಯುದ್ದಕ್ಕೂ ದೇವರ ಮುಂದೆ ಬಡಿದ ಕೈ ಗುಡಿ ಬಂದಾಗ ಹೊರಗೇ ನಿಲ್ಲಬೇಕು. ಹಿಂಗೇ ಒಂದು ಹಬ್ಬದ ಮಾರನೇ ದಿನ ನಮ್ಮಪ್ಪ ತಮಟೇನ ಅಟ್ಟಕ್ಕೆ ಎಸೆದ. 'ನೀನು ಇದನ್ನ ಮುಟ್ಟಬ್ಯಾಡ, ಓದು' ಅಂದ. ನಾನು ಓದಿ ಡಿಗ್ರಿ ಮಾಡಿದೆ. ಹಾಸ್ಟೆಲಿನಲ್ಲಿ ಗೆಳೆಯರದು ಮುಗಿಯದ ಜಗಳ. ತಮಟೆ ನಮ್ಮ ಅವಮಾನ, ಸುಟ್ಟುಹಾಕಿ ಅನ್ನುವವರು ಕೆಲವರು. ಅದು ನಮ್ಮ ಕಲೆ, ಎದೆಗೆ ಕಟ್ಟಿಕೊಳ್ಳಿ ಅನ್ನುವವರು ಕೆಲವರು.

ಒಂದಿನ ಅಪ್ಪನಿಗೆ ಫೋನಿನಲ್ಲಿ ಟೇಲರ್ ಕೇಳಿಸಿದೆ. ಕಣ್ಣುಮುಚ್ಚಿ ಸುಮಾರು ಹೊತ್ತು ಕೇಳಿದ.

'ಇವನಿಗೆ ಬಡಿ ಅಂತ ಯಾರು ಹೇಳವ್ರೆ?'

'ಯಾರೂ ಇಲ್ಲ ಕಣಪ್ಪ, ಅವನಿಷ್ಟ.'

'ಅಂಗಾದ್ರೆ ಬಡೀಲಿ ಬಿಡು.'

ಹಾಸ್ಟೆಲಿನ ಜಗಳಕ್ಕೆ ಇದಕ್ಕಿಂತ ಒಳ್ಳೆ ತೀರ್ಪು ನಾನು ಕೇಳಿಲ್ಲ. ಹೇಳಿಸಿಕೊಂಡು ಬಡಿದರೆ ಬಿಟ್ಟಿ, ತನ್ನಿಷ್ಟಕ್ಕೆ ಬಡಿದರೆ ಸಂಗೀತ.

ಮನ್ನಣೆ ಟೇಲರನಿಗೂ ಬಂತು. 1978ರಲ್ಲಿ ವೈಟ್ ಹೌಸಿನ ಅಂಗಳದಲ್ಲಿ ಅಧ್ಯಕ್ಷ ಕಾರ್ಟರ್ ಮುಂದೆ ನುಡಿಸಿದ. 2013ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿ ಸಿಕ್ಕಿತು. ಆ ಪ್ರಶಸ್ತಿಯ ಸುಮಾರು 5 ಲಕ್ಷ ಡಾಲರನ್ನು ಪರಿಚಯದ ಕಂಟ್ರಾಕ್ಟರನೊಬ್ಬ ಮೋಸದಿಂದ ಹೊಡೆದುಕೊಂಡ, ಆಮೇಲೆ ಕೋರ್ಟಿನಲ್ಲಿ ಒಪ್ಪಿಕೊಂಡ. 2018ರಲ್ಲಿ, 89ನೇ ವಯಸ್ಸಿನಲ್ಲಿ ಟೇಲರ್ ತೀರಿಕೊಂಡ.

ನಮ್ಮ ಜಿಲ್ಲೆಯವರೇ ಆದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೇ ಬಂತು. ಕೇರಿಗೆ ಅದು ಹಬ್ಬ. ಆದರೆ ಹೆಣದ ಮುಂದೆ ಬಡಿಯುವವನ ಕೂಲಿ ಮೊದಲೇ ಮಾತಾಡಿ ಕರೆಯುವ ಮನೆಗಳೆಷ್ಟು? 'ಇವತ್ತು ಬರಲ್ಲ ಸ್ವಾಮಿ' ಅಂದು ಅವನು ನೆಮ್ಮದಿಯಾಗಿ ಮಲಗಬಹುದೇ?

ಹಳ್ಳಿ ಶಾಲೆಯ ಮೇಷ್ಟರೇ, ನಿಮ್ಮಲ್ಲಿ ಒಂದು ಕೋರಿಕೆ. ಶಾಲೆಯಲ್ಲಿ ಒಂದು ತಮಟೆ ಇಡಿ. ಯಾವ ಜಾತಿಯ ಮಗುವಾದರೂ ಮುಟ್ಟಲಿ, ಬಡಿಯಲಿ, ತನ್ನದೇ ಗತ್ತು ಕಟ್ಟಲಿ. ಕೇರಿಯ ಮಗು ಒಲ್ಲೆ ಅಂದರೆ ಮಾತ್ರ ಬಲವಂತ ಮಾಡಬೇಡಿ. ಅದರ ಅಪ್ಪ ಈಗಾಗಲೇ ಬೇಕಾದಷ್ಟು ಬಡಿದಿದ್ದಾನೆ.