ಸೀಸದ ಗಿಡುಗ

ಒಗಟನ್ನು ಬಿಡಿಸಿದ ಮೇಲೆ ಅದರ ಕಡೆಗೆ ಮತ್ತೆ ತಿರುಗಿ ನೋಡುವವರು ವಿರಳ. ಉತ್ತರ ತಿಳಿಯುವ ತನಕ ಮಾತ್ರವೇ ಅದರ ಆಯುಸ್ಸು. ದಂಡಿಯು ಕಾವ್ಯಾದರ್ಶದಲ್ಲಿ ಪ್ರಹೇಳಿಕೆಯ ಬಗೆಗಳನ್ನು ಎಣಿಸಿ ವಿವರಿಸಿದ್ದಾನೆ. ಆದರೆ ಸಾಹಿತ್ಯದರ್ಪಣದ ಕರ್ತೃವಾದ ವಿಶ್ವನಾಥನು ಅದು ರಸಕ್ಕೆ ವಿರೋಧಿಯಾದ್ದರಿಂದ ಅಲಂಕಾರವೆಂಬ ಪದವಿಗೂ ಅರ್ಹವಲ್ಲವೆಂದು ಬದಿಗೆ ಸರಿಸಿದನು. ಪತ್ತೇದಾರಿ ಕಥೆಯ ವಿಷಯದಲ್ಲಿಯೂ ವಿದ್ವಾಂಸರ ಅಭಿಪ್ರಾಯ ಬಹುಮಟ್ಟಿಗೆ ಇದೇ ಆಗಿದೆ. ಕೊಂದವರು ಯಾರೆಂದು ತಿಳಿದೊಡನೆ ಓದುಗನ ಕುತೂಹಲ ತಣಿಯುತ್ತದೆ, ಪುಸ್ತಕ ಕೈಬಿಡುತ್ತದೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಅಸಂಖ್ಯ ಜನರಿಗೆ ಓದಿನ ರುಚಿ ಹತ್ತಿಸಿದುವು. ಆದರೂ ಪಾಠಶಾಲೆಯ ಪುಸ್ತಕದ ಕಪಾಟಿನಲ್ಲಿ ಅಂಥ ಕೃತಿಗಳಿಗೆ ಸ್ಥಾನ ದೊರೆತದ್ದು ಅಪರೂಪ.

ಹೀಗಿರುವಲ್ಲಿ, 1941ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ಒಂದು ಪತ್ತೇದಾರಿ ಚಲಚ್ಚಿತ್ರವು ಎಂಟು ದಶಕಗಳು ಕಳೆದರೂ ಪ್ರೇಕ್ಷಕರನ್ನು ಮತ್ತೆ ಮತ್ತೆ ತನ್ನೆಡೆಗೆ ಸೆಳೆಯುತ್ತಿರುವುದು ವಿಚಾರಯೋಗ್ಯವಾದ ಸಂಗತಿ. ಅದರ ಹೆಸರು 'ದಿ ಮಾಲ್ಟೀಸ್ ಫಾಲ್ಕನ್', ಎಂದರೆ ಮಾಲ್ಟಾದ ಗಿಡುಗ. ಕೊಲೆಗಾರರು ಯಾರೆಂಬುದನ್ನು ಬಲ್ಲವರೇ ಅದನ್ನು ಹೆಚ್ಚು ಪ್ರೀತಿಯಿಂದ ನೋಡುತ್ತಾರೆ. ಒಗಟು ಬಿಡಿಸಿದ ಮೇಲೆಯೂ ಉಳಿಯುವ ಆ ಸ್ವಾರಸ್ಯ ಯಾವುದು?

ಕಥೆಯ ಮೂಲ ಡ್ಯಾಶಿಯೆಲ್ ಹ್ಯಾಮೆಟ್‌ನ ಕಾದಂಬರಿ. 'ಬ್ಲ್ಯಾಕ್ ಮಾಸ್ಕ್' ಎಂಬ ಅಗ್ಗದ ಮಾಸಪತ್ರಿಕೆಯಲ್ಲಿ 1929ರಿಂದ ಧಾರಾವಾಹಿಯಾಗಿ ಬಂದು, 1930ರಲ್ಲಿ ಪುಸ್ತಕರೂಪ ತಾಳಿತು. ಹ್ಯಾಮೆಟ್ ಬರೆಹಗಾರನಾಗುವ ಮೊದಲು ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವನು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಬೀದಿಗಳೂ ಹೋಟೆಲುಗಳೂ ಅವನಿಗೆ ಕರತಲಾಮಲಕವಾಗಿದ್ದುವು. ವಾರ್ನರ್ ಸಂಸ್ಥೆಯವರು ಈ ಕಥೆಯನ್ನು 1931ರಲ್ಲಿ ಒಮ್ಮೆ, 1936ರಲ್ಲಿ ಹೆಸರು ಬದಲಿಸಿ ಇನ್ನೊಮ್ಮೆ ತೆರೆಗೆ ತಂದರು. ಎರಡೂ ಬಾಳಲಿಲ್ಲ. ಮೂರನೆಯ ಯತ್ನವನ್ನು ಕೈಗೊಂಡವನು ಜಾನ್ ಹ್ಯೂಸ್ಟನ್. ಅದುವರೆಗೆ ಚಿತ್ರಕಥೆಗಳನ್ನು ಬರೆದುಕೊಂಡಿದ್ದ ಅವನಿಗೆ ನಿರ್ದೇಶನದಲ್ಲಿ ಅದೇ ಮೊದಲ ಹೆಜ್ಜೆ. ನಾಯಕನ ಪಾತ್ರವನ್ನು ಜಾರ್ಜ್ ರಾಫ್ಟ್ ಎಂಬ ಪ್ರಸಿದ್ಧ ನಟ ನಿರಾಕರಿಸಿದ್ದರಿಂದ ಅದು ಹಂಫ್ರಿ ಬೋಗಾರ್ಟ್‌ನ ಪಾಲಿಗೆ ಬಂದಿತು. ಸ್ಥೂಲಕಾಯದ ಗಟ್‌ಮನ್‌ನ ಪಾತ್ರ ವಹಿಸಿದ ಸಿಡ್ನಿ ಗ್ರೀನ್‌ಸ್ಟ್ರೀಟ್ ರಂಗಭೂಮಿಯಲ್ಲಿ ಪಳಗಿದ್ದರೂ ಅರುವತ್ತು ದಾಟಿದ ಮೇಲೆ ಮೊದಲ ಸಲ ಕ್ಯಾಮೆರಾದ ಮುಂದೆ ನಿಂತವನು. ಹ್ಯೂಸ್ಟನ್ ಪ್ರತಿಯೊಂದು ದೃಶ್ಯವನ್ನೂ ಮುಂಚಿತವಾಗಿ ರೇಖಾಚಿತ್ರಗಳಲ್ಲಿ ಬರೆದಿಟ್ಟುಕೊಂಡನು. ಕಾದಂಬರಿಯ ಸಂಭಾಷಣೆಯನ್ನು ಬಹುಮಟ್ಟಿಗೆ ಇದ್ದಂತೆಯೇ ಉಳಿಸಿಕೊಂಡನು. ಪೂರ್ವಕೃತಿಯಲ್ಲಿ ವಿಶ್ವಾಸವಿಟ್ಟ ಈ ವಿನಯವೇ ಅವನ ಗೆಲವಿಗೆ ಮೊದಲ ಕಾರಣವಾಯಿತು.

ಕಥೆ ಹೀಗಿದೆ. ಸ್ಪೇಡ್ ಮತ್ತು ಆರ್ಚರ್ ಎಂಬ ಇಬ್ಬರು ಪಾಲುಗಾರ ಪತ್ತೇದಾರರ ಕಚೇರಿಗೆ ಸುಂದರಿಯೊಬ್ಬಳು ಬಂದು, ತನ್ನ ತಂಗಿಯನ್ನು ಕರೆದೊಯ್ದ ಒಬ್ಬನನ್ನು ಹಿಂಬಾಲಿಸಬೇಕೆಂದು ಬೇಡುತ್ತಾಳೆ. ಆ ಕೆಲಸಕ್ಕೆ ಹೋದ ಆರ್ಚರ್ ಅದೇ ರಾತ್ರಿ ಗುಂಡೇಟಿಗೆ ಬಲಿಯಾಗುತ್ತಾನೆ. ಅವಳು ಹೇಳಿದ ಹೆಸರು ಸುಳ್ಳು. ತಂಗಿಯ ವೃತ್ತಾಂತವೂ ಸುಳ್ಳು. ನಿಜವಾಗಿ ಅವಳು ಬ್ರಿಜಿಡ್ ಓಷಾನೆಸಿ. ರತ್ನಖಚಿತವಾದ ಚಿನ್ನದ ಗಿಡುಗವೊಂದನ್ನು ಬೆನ್ನಟ್ಟಿ ದೇಶದಿಂದ ದೇಶಕ್ಕೆ ಅಲೆಯುತ್ತಿರುವವರಲ್ಲಿ ಒಬ್ಬಳು. ಗಟ್‌ಮನ್, ಕೈರೋ, ಬಂದೂಕು ಹಿಡಿದ ಯುವಕ ವಿಲ್ಮರ್ ಇವರೆಲ್ಲ ಅದೇ ಬೇಟೆಯವರು. ಹೆರರು ಗುರುತಿಸದಿರಲೆಂದು ಆ ಗಿಡುಗಕ್ಕೆ ಕಪ್ಪು ಬಣ್ಣ ಬಳಿಯಲಾಗಿದೆಯೆಂಬುದು ಅವರ ನಂಬಿಕೆ.

ಈ ಕಲ್ಪನೆಗೆ ಇತಿಹಾಸದ ಒಂದು ತುಣುಕು ಆಧಾರವಾಗಿದೆ. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನು ಸಂತ ಜಾನನ ಸೇವಾವ್ರತದ ಯೋಧರಿಗೆ ಮಾಲ್ಟಾ ದ್ವೀಪವನ್ನು ಕೊಟ್ಟು, ವರ್ಷಕ್ಕೊಂದು ಗಿಡುಗವನ್ನು ಕಪ್ಪವಾಗಿ ಒಪ್ಪಿಸಬೇಕೆಂದು ವಿಧಿಸಿದನು. ಅದು ಬೇಟೆಯಾಡುವ ಜೀವಂತ ಹಕ್ಕಿ. ಚಿತ್ರದ ಆರಂಭದಲ್ಲಿ ತೋರಿಸುವ ಬರೆಹವಾದರೋ ಕಾಲವನ್ನು 1539ಕ್ಕೆ ತಳ್ಳಿ, ಅದಕ್ಕೆ ಎರಡು ಶತಮಾನಗಳ ಹಿಂದೆಯೇ ವಿಸರ್ಜಿತವಾಗಿದ್ದ ಟೆಂಪ್ಲರ್ ಪಂಥವನ್ನು ಅಲ್ಲಿ ತಂದು ನಿಲ್ಲಿಸುತ್ತದೆ. ಇತಿಹಾಸಕ್ಕೆ ಇದು ದೋಷವಾದರೂ ಕಥೆಗೆ ಹಾನಿಯಿಲ್ಲ. ಜೀವವುಳ್ಳ ಹಕ್ಕಿ ಜೀವವಿಲ್ಲದ ಚಿನ್ನವಾದುದರಲ್ಲಿಯೇ ಕಥೆಯ ಧ್ವನಿ ಅಡಗಿದೆ.

ಮರಳಿ ನೋಡಿದಾಗ ಈ ಚಿತ್ರ ಹಿರಿದಾಗುವ ಬಗೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಆರ್ಚರ್ ಸತ್ತ ಸ್ಥಳಕ್ಕೆ ಸ್ಪೇಡ್ ಬಂದಾಗ ಪೊಲೀಸರು ಎರಡು ಸಂಗತಿಗಳನ್ನು ತಿಳಿಸುತ್ತಾರೆ: ಸತ್ತವನ ಪಿಸ್ತೂಲು ಸೊಂಟದಿಂದ ಹೊರಬಂದಿಲ್ಲ, ಕೋಟಿನ ಗುಂಡಿಗಳು ಹಾಕಿದಂತೆಯೇ ಇವೆ. ಮೊದಲ ಸಲ ನೋಡುವವನಿಗೆ ಇದು ಕಿವಿಯ ಮೇಲೆ ಹಾದುಹೋಗುವ ಮಾತು. ಅನುಭವಸ್ಥನಾದ ಪತ್ತೇದಾರನು ತಾನು ಹಿಂಬಾಲಿಸುತ್ತಿದ್ದ ಪುರುಷನ ಜೊತೆಯಲ್ಲಿ ಹೀಗೆ ಸಿದ್ಧತೆಯಿಲ್ಲದೆ ಕತ್ತಲ ಓಣಿಗೆ ಕಾಲಿಡುವನೇ? ತಾನು ಮೋಹಿಸಿದ ಹೆಣ್ಣು ಕರೆದರೆ ಮಾತ್ರ ಹೋದಾನು. ಸ್ಪೇಡ್ ಇದನ್ನು ಬಾಯಿಬಿಟ್ಟು ಹೇಳುವುದು ಕೊನೆಯಲ್ಲಿ. ಎರಡನೆಯ ಸಲ ನೋಡುವವನು ಮಾತ್ರ ಆ ರಾತ್ರಿಯಲ್ಲಿಯೇ ಅವನ ಮನಸ್ಸಿನಲ್ಲಿ ಸಂಶಯ ಮೊಳೆತಿರಬಹುದೆಂದು ಊಹಿಸುತ್ತಾನೆ. ಆಗ ನಡುವಿನ ಸರಸಸಲ್ಲಾಪಗಳೆಲ್ಲ ಬೇರೆಯೇ ಬಣ್ಣ ತಾಳುತ್ತವೆ. ಮೊದಲ ನೋಟಕ್ಕೆ ಶೃಂಗಾರವಾಗಿದ್ದುದು ಎರಡನೆಯ ನೋಟಕ್ಕೆ ವಿಷಾದವಾಗುತ್ತದೆ.

ಬ್ರಿಜಿಡ್ ಪಾತ್ರ ವಹಿಸಿದ ಮೇರಿ ಆಸ್ಟರ್‌ಳ ಅಭಿನಯವೂ ಹಾಗೆಯೇ. ಸುಳ್ಳಾಡುವವಳ ಉಸಿರು ಸದಾ ತುಸು ತಪ್ಪಿದಂತಿರಬೇಕೆಂದು ಭಾವಿಸಿ ಆಕೆ ದೃಶ್ಯಕ್ಕೆ ಮೊದಲು ಸ್ಟುಡಿಯೋದೊಳಗೆ ಓಡಾಡಿ ಏದುಸಿರು ತಂದುಕೊಳ್ಳುತ್ತಿದ್ದಳು. ಮೊದಲ ಸಲ ಆ ಏದುಸಿರು ಭಯವೆಂದು ತೋರುತ್ತದೆ. ನಿಜ ತಿಳಿದ ಮೇಲೆ ಅದು ಕಪಟದ ಶ್ರಮವೆಂದು ಅರ್ಥವಾಗುತ್ತದೆ. ಹೆಣ್ಣನ್ನು ವಂಚಕಿಯಾಗಿ ಚಿತ್ರಿಸಲಾಯಿತೆಂದು ಆಕ್ಷೇಪಿಸುವವರುಂಟು. ಈ ಕಥೆಯ ಗಂಡಸರು ಅವಳಿಗಿಂತ ಕಡಿಮೆ ಸುಳ್ಳಾಡುವವರೇನಲ್ಲ. ಮತ್ತು ಸ್ಪೇಡನ ಕಾರ್ಯದರ್ಶಿ ಎಫಿ ಪೆರೀನ್‌ಳಷ್ಟು ನಿಷ್ಕಪಟಿಯಾದವರು ಅಲ್ಲಿ ಬೇರೊಬ್ಬರಿಲ್ಲ.

ಹ್ಯಾಮೆಟ್‌ನ ನಿರೂಪಣೆಯ ವೈಶಿಷ್ಟ್ಯವನ್ನು ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಸುಲಭವಾಗಿ ಹೇಳಬಹುದು. ಅವನು ಯಾವ ಪಾತ್ರದ ಮನಸ್ಸಿನೊಳಕ್ಕೂ ಇಣುಕುವುದಿಲ್ಲ. ಕಣ್ಣು, ಕೈ, ಮಾತು, ಮೌನ ಇವುಗಳನ್ನು ಮಾತ್ರ ವರ್ಣಿಸುತ್ತಾನೆ. ಎಂದರೆ ಸ್ಥಾಯಿಯನ್ನು ಹೆಸರಿಸದೆ ಕೇವಲ ಅನುಭಾವಗಳಿಂದ ಅದನ್ನು ಸೂಚಿಸುತ್ತಾನೆ. ಹ್ಯೂಸ್ಟನ್ ಇದೇ ನಿಯಮವನ್ನು ಕ್ಯಾಮೆರಾಕ್ಕೂ ವಿಧಿಸಿದನು. ಆರ್ಚರನ ಕೊಲೆಯ ಕ್ಷಣವೊಂದನ್ನು ಬಿಟ್ಟರೆ ಕಥೆಯುದ್ದಕ್ಕೂ ಪ್ರೇಕ್ಷಕನು ಸ್ಪೇಡನ ಬೆನ್ನ ಹಿಂದೆಯೇ ಇರುತ್ತಾನೆ. ಆದರೂ ಸ್ಪೇಡನ ಮನಸ್ಸು ಅವನಿಗೆ ತಿಳಿಯದು.

ಇದಕ್ಕೆ ಕಿರೀಟಪ್ರಾಯವಾದ ಒಂದು ಸಂದರ್ಭವುಂಟು. ಗಟ್‌ಮನ್‌ನನ್ನು ಮೊದಲ ಸಲ ಭೇಟಿಯಾದಾಗ ಸ್ಪೇಡ್ ಕೋಪೋದ್ರಿಕ್ತನಾಗಿ ಕೂಗಾಡಿ, ಗಾಜಿನ ಲೋಟವನ್ನು ಒಡೆದು, ಗಡುವು ವಿಧಿಸಿ ಹೊರಗೆ ಬರುತ್ತಾನೆ. ಹೋಟೆಲಿನ ಓಣಿಯಲ್ಲಿ ಬಂದೊಡನೆ ಅವನ ಮುಖದಲ್ಲಿ ನಗೆ ಮೂಡುತ್ತದೆ. ಕೋಪವು ಕೇವಲ ನಟನೆಯಾಗಿತ್ತು! ಅಷ್ಟರಲ್ಲಿ ಅವನು ತನ್ನ ಕೈಯನ್ನು ನೋಡಿಕೊಳ್ಳುತ್ತಾನೆ, ಅದು ನಡುಗುತ್ತಿದೆ. ಅದನ್ನು ಕಂಡು ಮತ್ತೊಮ್ಮೆ ನಗುತ್ತಾನೆ. ಭರತನು ಎಣಿಸಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ವೇಪಥುವೂ ಒಂದು. ಮನಸ್ಸು ತಲ್ಲೀನವಾಗದೆ ಅವು ಹುಟ್ಟುವುದಿಲ್ಲವೆಂಬುದು ಶಾಸ್ತ್ರಕಾರರ ಮತ. ಕೋಪವನ್ನು ನಟಿಸಿದವನ ಕೈ ನಿಜವಾಗಿ ನಡುಗಿತು. ಕಲ್ಲೆದೆಯವನೆಂದು ತೋರಿಸಿಕೊಳ್ಳುವ ಈ ಮನುಷ್ಯನಿಗೂ ಭಯವುಂಟೆಂದು ಒಂದು ಮಾತೂ ಇಲ್ಲದೆ ತಿಳಿಯಿತು. ಇಂಥ ಸ್ಥಳಗಳಲ್ಲಿ ಒಗಟು ಹಿಂದೆ ಸರಿದು ರಸ ಮುಂದೆ ಬರುತ್ತದೆ.

ಛಾಯಾಗ್ರಾಹಕ ಆರ್ಥರ್ ಎಡೆಸನ್‌ನ ಕೆಲಸವೂ ಇದಕ್ಕೆ ಅನುಗುಣವಾಗಿದೆ. ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾದಲ್ಲಿ ಗಟ್‌ಮನ್‌ನ ಹೊಟ್ಟೆಯೂ ಅದರ ಮೇಲಿನ ಗಡಿಯಾರದ ಸರಪಣಿಯೂ ತೆರೆಯನ್ನೆಲ್ಲ ತುಂಬುತ್ತವೆ. ಕೋಣೆಯ ಮೇಲ್ಛಾವಣಿ ತಲೆಯ ಮೇಲೆ ಕುಸಿಯುವಂತಿರುತ್ತದೆ. ಕತ್ತಲೆಯನ್ನು ಹಿನ್ನೆಲೆಯಾಗಿ ಮಾತ್ರ ಬಳಸದೆ ಪಾತ್ರವೆಂಬಂತೆ ಬಳಸಿದ ಇಂಥ ಅಮೆರಿಕನ್ ಚಿತ್ರಗಳು ಮಹಾಯುದ್ಧ ಮುಗಿದ ಮೇಲೆ ಒಟ್ಟಾಗಿ ಪ್ಯಾರಿಸ್ ನಗರವನ್ನು ಮುಟ್ಟಿದಾಗ, 1946ರಲ್ಲಿ ನಿನೊ ಫ್ರಾಂಕ್ ಎಂಬ ವಿಮರ್ಶಕ ಅವುಗಳನ್ನು 'ಫಿಲ್ಮ್ ನ್ವಾರ್', ಎಂದರೆ ಕಪ್ಪು ಚಿತ್ರಗಳು, ಎಂದು ಕರೆದನು. ಲಕ್ಷ್ಯ ಮೊದಲು, ಲಕ್ಷಣ ಅನಂತರ ಎಂಬ ಮಾತು ಇಲ್ಲಿಯೂ ಸತ್ಯವಾಯಿತು. ತಯಾರಿಸಿದವರಿಗೆ ತಾವು ಒಂದು ಪ್ರಕಾರವನ್ನು ನಿರ್ಮಿಸುತ್ತಿರುವೆವೆಂಬ ಅರಿವು ಇರಲಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಇಂಥ ನಾಯಕನ ಮಾತೆತ್ತುವುದು ಉಚಿತವೇ? ಸ್ಪೇಡ್ ಧೀರೋದಾತ್ತನಲ್ಲ. ಪಾಲುಗಾರನ ಹೆಂಡತಿಯೊಡನೆ ಅವನಿಗೆ ಸಲ್ಲದ ಸಂಬಂಧವಿತ್ತು. ಪಾಲುಗಾರನ ವಿಷಯದಲ್ಲಿ ಗೌರವವಿರಲಿಲ್ಲ. ಸತ್ತ ಮರುದಿನವೇ ಕಚೇರಿಯ ಫಲಕದಿಂದ ಅವನ ಹೆಸರನ್ನು ತೆಗೆಸುತ್ತಾನೆ. ಹೀಗಿರುವವನು ಕೊನೆಗೆ, ತಾನು ಪ್ರೀತಿಸಿರಬಹುದಾದ ಬ್ರಿಜಿಡಳೇ ಆರ್ಚರನನ್ನು ಕೊಂದವಳೆಂದು ಸ್ಪಷ್ಟಪಡಿಸಿ, ಅವಳ ಕಣ್ಣೀರಿಗೂ ಕರಗದೆ, ಪೊಲೀಸರ ಕೈಗೆ ಒಪ್ಪಿಸುತ್ತಾನೆ. ಗಟ್‌ಮನ್‌ನಿಂದ ಬಂದ ಸಾವಿರ ಡಾಲರುಗಳನ್ನೂ ಅವರ ಮುಂದಿಡುತ್ತಾನೆ. ಏಕೆ? ಜೊತೆಗಾರ ಸತ್ತಾಗ ಸುಮ್ಮನಿರುವುದು ಸಲ್ಲದು. ಅವನು ಎಂಥವನೆಂಬುದು ಅಲ್ಲಿ ಪ್ರಶ್ನೆಯಲ್ಲ. ತನ್ನವನನ್ನು ಕೊಂದವರನ್ನು ಬಿಟ್ಟುಬಿಡುವುದು ಆ ವೃತ್ತಿಗೇ ಕೇಡು. ಸ್ಪೇಡ್ ಕೊಡುವ ಕಾರಣಗಳ ಸಾರ ಇಷ್ಟೆ.

ಶರಣರು ಸಾರಿದ ಕಾಯಕದ ಎತ್ತರ ಇದಲ್ಲ. ಅಲ್ಲಿ ದುಡಿಮೆಯು ದಾಸೋಹದಲ್ಲಿ ಸಾರ್ಥಕವಾಗುತ್ತದೆ, ಅರ್ಪಣೆಯಲ್ಲಿ ಶುದ್ಧವಾಗುತ್ತದೆ. ಸ್ಪೇಡನಲ್ಲಿ ಆ ಎರಡೂ ಇಲ್ಲ. ಆದರೆ ಬೇರೆ ಎಲ್ಲ ಕಟ್ಟುಗಳೂ ಸಡಿಲಿದ ಒಬ್ಬ ಮನುಷ್ಯನನ್ನು ಅವನ ಕಸುಬಿನ ಕಟ್ಟೊಂದೇ ಪತನದಿಂದ ತಡೆದುದನ್ನು ಈ ಕಥೆ ತೋರಿಸುತ್ತದೆ. ಗುಣವಂತನು ಧರ್ಮವನ್ನು ಪಾಲಿಸಿದರೆ ಅದು ಸಹಜ. ಗುಣದೋಷಗಳ ಮಿಶ್ರಣವಾದವನು, ತನಗೆ ಅತ್ಯಂತ ನೋವಾಗುವ ಘಳಿಗೆಯಲ್ಲಿ, ಯಾವ ಪ್ರಶಂಸೆಯ ಆಸೆಯೂ ಇಲ್ಲದೆ ಪಾಲಿಸಿದಾಗ ಅದು ಹೃದಯವನ್ನು ತಟ್ಟುತ್ತದೆ. ಕಾದಂಬರಿಯಲ್ಲಂತೂ ಅವನಿಗೆ ಪ್ರಶಂಸೆಗೆ ಬದಲಾಗಿ ತಿರಸ್ಕಾರ ದೊರೆಯುತ್ತದೆ. ಮರುದಿನ ಎಫಿಯೇ ಅವನ ಸ್ಪರ್ಶದಿಂದ ಹಿಂಜರಿಯುತ್ತಾಳೆ. ಮಾಡಿದ್ದು ಸರಿಯೆಂದು ಬಲ್ಲಳು, ಸಹಿಸಲಾರಳು.

ಇದನ್ನು ಬರೆದವನ ಬಾಳಿನಲ್ಲಿಯೂ ಇಂಥ ಘಳಿಗೆ ಬಂದಿತು. 1951ರಲ್ಲಿ, ರಾಜಕೀಯ ಕಾರಣಕ್ಕೆ ಬಂಧಿತರಾದವರ ಜಾಮೀನಿಗಾಗಿ ಇದ್ದ ನಿಧಿಯೊಂದಕ್ಕೆ ಹಣ ಕೊಟ್ಟವರ ಹೆಸರು ಹೇಳಬೇಕೆಂದು ಅಮೆರಿಕದ ನ್ಯಾಯಾಲಯ ಕೇಳಿದಾಗ ಹ್ಯಾಮೆಟ್ ಬಾಯಿಬಿಡಲಿಲ್ಲ. ಐವತ್ತೇಳರ ವಯಸ್ಸಿನಲ್ಲಿ, ಕೆಟ್ಟ ಆರೋಗ್ಯದೊಡನೆ, ಸುಮಾರು ಐದು ತಿಂಗಳು ಸೆರೆಮನೆಯಲ್ಲಿದ್ದನು. ಅವನ ರಾಜಕೀಯವನ್ನು ಒಪ್ಪದವರೂ ಅವನ ಮೌನವನ್ನು ಅಲ್ಲಗಳೆಯಲಾರರು.

ಗಟ್‌ಮನ್‌ನ ಪಾತ್ರ ಇದಕ್ಕೆ ಪ್ರತಿಪಕ್ಷ. ಹದಿನೇಳು ವರ್ಷ ಅವನು ಆ ಹಕ್ಕಿಯ ಬೆನ್ನು ಹತ್ತಿದ್ದಾನೆ. ವಿಲ್ಮರ್ ತನಗೆ ಮಗನ ಸಮಾನನೆಂದು ಹೇಳಿಕೊಳ್ಳುತ್ತಲೇ, ಗಿಡುಗಕ್ಕಾಗಿ ಅವನನ್ನು ಬಲಿಕೊಡಲು ಒಪ್ಪುತ್ತಾನೆ. ಕೊನೆಗೆ ಹಕ್ಕಿ ಕೈಸೇರಿತು. ಚಾಕುವಿನಿಂದ ಕಪ್ಪು ಬಣ್ಣವನ್ನು ಕೆರೆದು ನೋಡುತ್ತಾನೆ. ಒಳಗೆ ಚಿನ್ನವಿಲ್ಲ, ಬರಿಯ ಸೀಸ. ಒಂದು ಕ್ಷಣ ಕುಸಿದವನು ಮರುಕ್ಷಣವೇ ಚೇತರಿಸಿಕೊಂಡು, ನಿಜವಾದ ಹಕ್ಕಿಗಾಗಿ ಮತ್ತೆ ಇಸ್ತಾಂಬುಲಿಗೆ ಹೊರಡುವ ಮಾತಾಡುತ್ತಾನೆ. ಆಶೆಯ ಸ್ವರೂಪವನ್ನು ಇದಕ್ಕಿಂತ ಅಡಕವಾಗಿ ತೋರಿಸುವುದು ಕಷ್ಟ. ಕೊನೆಯ ದೃಶ್ಯದಲ್ಲಿ ಲಿಫ್ಟಿನ ಸರಳುಗಳ ಹಿಂದೆ ಬ್ರಿಜಿಡ್ ಕೆಳಗಿಳಿಯುತ್ತಾಳೆ. ಸ್ಪೇಡ್ ಆ ಭಾರವಾದ ಬೊಂಬೆಯನ್ನು ಹಿಡಿದು ಮೆಟ್ಟಿಲಿಳಿಯುತ್ತಾನೆ.

ಬಿಡುಗಡೆಯಾದ ವರ್ಷದ ಚಿತ್ರಗಳಿಗೆ ಸಲ್ಲುವ ಆಸ್ಕರ್ ಪ್ರಶಸ್ತಿಗೆ ಈ ಚಿತ್ರವು ಮೂರು ವಿಭಾಗಗಳಲ್ಲಿ ನಾಮಾಂಕಿತವಾಗಿ ಒಂದನ್ನೂ ಪಡೆಯಲಿಲ್ಲ. 1989ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಣೆಗಾಗಿ ಆರಿಸಿದ ಮೊದಲ 25 ಚಿತ್ರಗಳಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಚಿತ್ರ ತಯಾರಿಸಲು ತಗುಲಿದ ವೆಚ್ಚ ನಾಲ್ಕು ಲಕ್ಷ ಡಾಲರಿಗಿಂತ ಕಡಿಮೆ. ಅದರಲ್ಲಿ ಬಳಸಿದ ಸೀಸದ ಗಿಡುಗವೊಂದು 2013ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನಲವತ್ತು ಲಕ್ಷ ಡಾಲರುಗಳಿಗೂ ಮೀರಿದ ಬೆಲೆಗೆ ಮಾರಾಟವಾಯಿತು. ಕಥೆಯೊಳಗೆ ಬೆಲೆಯಿಲ್ಲವೆಂದು ಎಸೆಯಲ್ಪಟ್ಟ ವಸ್ತು ಕಥೆಯ ಹೊರಗೆ ಚಿನ್ನಕ್ಕಿಂತ ಹೆಚ್ಚಿನದಾಯಿತು. ಗಟ್‌ಮನ್‌ನ ವಂಶ ಇನ್ನೂ ಅಳಿದಿಲ್ಲವೆಂದು ಇದನ್ನು ಕಂಡು ನಗುವವರು ನಗಬಹುದು. ಆದರೆ ಸೀಸಕ್ಕೆ ಆ ಬೆಲೆ ಬಂದುದು ನಟರು, ನಿರ್ದೇಶಕ, ಬರೆಹಗಾರರು ತಮ್ಮ ತಮ್ಮ ಕೆಲಸವನ್ನು ಕುಂದಿಲ್ಲದೆ ಮಾಡಿದುದರಿಂದ. ಆ ಕೆಲಸವನ್ನು ಹರಾಜಿನಲ್ಲಿ ಕೊಳ್ಳಲಾಗದು. ನೂರು ನಿಮಿಷಗಳ ಬಿಡುವಿರುವ ಯಾರು ಬೇಕಾದರೂ ನೋಡಿ ತಮ್ಮದಾಗಿಸಿಕೊಳ್ಳಬಹುದು.